ಹೊಸದನ್ನು ಹೊಸದೆಂದೇ ಹೇಳಿ

ವಿಕ್ಕಾ ಎಂಬ ಮಾಟಗಾರಿಕೆ ಧರ್ಮದ ಹಾಗೂ ಪ್ರಾಚೀನ ಕೆಲ್ಟರ ಹೆಸರಿನ ಕೆಲ್ಟಿಕ್ ಶಾಮನಿಸಂನ ಆರಂಭಿಕರ ಕೈಪಿಡಿಗಳು ಸಾವಿರಾರು ವರ್ಷಗಳ ಅಖಂಡ ಪರಂಪರೆಯನ್ನು ಓದುಗರ ಕೈಗಿಡುತ್ತವೆ ಎಂದು ಕಳೆದ ಸಂಚಿಕೆಯ ಲೇಖನ ಹೇಳಿದೆ. ಇದು ನಿಜವಲ್ಲ. ನಂಬಿ ಬರುವ ಹೊಸಬರಿಗೆ ಹೀಗೆ ಹೇಳುವುದು ಅನ್ಯಾಯ.

ಬ್ರಿಟನ್ನಿನಲ್ಲಿ 1735ರ ಮಾಟಗಾರಿಕೆ ಕಾಯ್ದೆ ರದ್ದಾದದ್ದು 1951ರಲ್ಲಿ. ವಿಕ್ಕಾವನ್ನು ಜನರ ಮುಂದಿಟ್ಟ ಜೆರಾಲ್ಡ್ ಗಾರ್ಡ್ನರ್ ‘ವಿಚ್‌ಕ್ರಾಫ್ಟ್ ಟುಡೇ’ ಪ್ರಕಟಿಸಿದ್ದು ಅದಾದ ಮೇಲೆ, 1954ರಲ್ಲಿ. ಅದಕ್ಕೆ ಮುನ್ನುಡಿ ಬರೆದ ಮಾರ್ಗರೆಟ್ ಮರ್ರೆಯವರದು, ಪ್ರಾಚೀನ ಮತವೊಂದು ಗುಪ್ತವಾಗಿ ಉಳಿದುಬಂದಿತ್ತೆಂಬ ವಾದ. ಇತಿಹಾಸಕಾರರು ಅದನ್ನು ಕೈಬಿಟ್ಟು ದಶಕಗಳೇ ಆದವು. ವಿಕ್ಕಾದ ಆಧುನಿಕ ಹುಟ್ಟನ್ನು ಇತಿಹಾಸಕಾರ ರೊನಾಲ್ಡ್ ಹಟನ್ 1999ರ ‘ದ ಟ್ರಯಂಫ್ ಆಫ್ ದ ಮೂನ್’ನಲ್ಲಿ ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ.

‘ಕೆಲ್ಟಿಕ್ ಶಾಮನಿಸಂ’ನ ಆಧಾರ ಇನ್ನೂ ತೆಳು. ಕೆಲ್ಟರ ಪುರೋಹಿತರಾದ ಡ್ರುಯಿಡರು ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲವೆಂದು ಜೂಲಿಯಸ್ ಸೀಸರನೇ ದಾಖಲಿಸಿದ್ದಾನೆ. ಐರ್ಲೆಂಡಿನ ಪುರಾಣಕಥೆಗಳನ್ನು ಬರೆದಿಟ್ಟವರು ಕ್ರೈಸ್ತ ಸನ್ಯಾಸಿಗಳು. ಡೋಲಿನ ಲಯದಲ್ಲಿ ಪಾತಾಳಕ್ಕಿಳಿಯುವ ಧ್ಯಾನವನ್ನು ಇಂದಿನ ಪಾಶ್ಚಾತ್ಯರಲ್ಲಿ ಜನಪ್ರಿಯಗೊಳಿಸಿದ್ದು ಅಮೆರಿಕದ ಮಾನವಶಾಸ್ತ್ರಜ್ಞ ಮೈಕೆಲ್ ಹಾರ್ನರ್ 1980ರಲ್ಲಿ ಬರೆದ ಪುಸ್ತಕ.

ಈ ಆಚರಣೆಗಳಲ್ಲಿ ನೆಮ್ಮದಿ ಕಂಡವರ ಮೇಲೆ ನನಗೆ ಗೌರವವಿದೆ. ಸ್ಕಾಟ್ ಕನಿಂಗ್‌ಹ್ಯಾಮ್ 1988ರ ಕೈಪಿಡಿಯಲ್ಲಿ ಒಂಟಿಯಾಗಿ ಆಚರಿಸುವವರಿಗೆ ದಾರಿ ತೋರಿದ್ದು ದೊಡ್ಡ ಉಪಕಾರವೇ. ಒಂದು ಧರ್ಮ ಹೊಸದಾಗಿದ್ದರೆ ಅದರ ಬೆಲೆ ಕುಗ್ಗುವುದಿಲ್ಲ. ಲೇಖಕರಲ್ಲಿ ನನ್ನ ಕೋರಿಕೆ ಇಷ್ಟು: ಹೊಸಬರಿಗೆ ನೀವು ಸೂಚಿಸಿದ ಪುಸ್ತಕಗಳ ಜೊತೆಗೆ ಹಟನ್ ಅವರದನ್ನೂ ಸೇರಿಸಿ.