ಅಡಿಗೆಯವರ ಚಿತ್ತಕ್ಕೆ ಬಿಟ್ಟ ಊಟ

ಟೋಕಿಯೋ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ಒಂದು ಸಾಯಂಕಾಲ ನಮ್ಮನ್ನು 'ಒಮಕಾಸೆ' ಊಟಕ್ಕೆ ಕರೆದೊಯ್ದನು. 'ನಿಮಗೇ ಬಿಟ್ಟಿದ್ದೇನೆ' ಎಂಬುದು ಆ ಮಾತಿನ ಅರ್ಥ. ಉಣ್ಣುವವನು ಇಂಥದು ಬೇಕೆಂದು ಕೇಳತಕ್ಕದ್ದಲ್ಲ. ಅಂದು ಪೇಟೆಯಲ್ಲಿ ಯಾವ ಮೀನು ಚೆನ್ನಾಗಿ ದೊರೆಯಿತೋ ಅದನ್ನು ನೋಡಿ ಬಾಣಸಿಗನೇ ನಿಶ್ಚಯಿಸಿ ಒಂದೊಂದೇ ತುತ್ತಾಗಿ ಕೊಡುವನು.

ನಮ್ಮ ಮನೆಯವರು ಬರಲಿಲ್ಲ. ಅವರು ಮೀನು ಬಿಟ್ಟು ಬಹುಕಾಲವಾಯಿತು. ಆ ದೇಶದಲ್ಲಿಯಾದರೋ ತರಕಾರಿಯ ಸಾರಿಗೂ ಸಾಮಾನ್ಯವಾಗಿ ಹೆರೆದ ಒಣಮೀನಿನ ರಸವೇ ಮೂಲ. (ಸಸ್ಯಾಹಾರಿಗಳಾದ ವಾಚಕರು ಅಲ್ಲಿಗೆ ಹೋದರೆ ಬೌದ್ಧಮಠಗಳ ಪದ್ಧತಿಯ ಅಡಿಗೆಯನ್ನು ವಿಚಾರಿಸುವುದು ಲೇಸು, ಅಲ್ಲಿ ರಸವನ್ನು ಕಡಲಪಾಚಿಯಿಂದಲೂ ಅಣಬೆಯಿಂದಲೂ ತೆಗೆಯುವರು.)

ಎಂಟೇ ಪೀಠಗಳು, ಎದುರಿಗೆ ಬಿಳಿಯ ಮರದ ಹಲಗೆ, ಅದರಾಚೆಗೆ ವೃದ್ಧ ಬಾಣಸಿಗರು. ತಿನ್ನದಿರುವ ಪದಾರ್ಥವೇನಾದರೂ ಉಂಟೇ ಎಂದು ಅವರು ಮೊದಲೇ ಕೇಳಿಸಿದರು. ಏನೂ ಇಲ್ಲವೆಂದು ನಾವು ಜಂಬದಿಂದ ಹೇಳಿದೆವು. ನಾವು ಕರಾವಳಿಯವರು, ನಿಜ. ಆದರೆ ಹುಳಿ, ಮೆಣಸು, ಕಾಯಿ ಅರೆದು ಕುದಿಸದ ಮೀನನ್ನು ಹುಟ್ಟಿದಂದಿನಿಂದ ಬಾಯಲ್ಲಿಟ್ಟವರಲ್ಲ. ಅನ್ನದ ಮುದ್ದೆಯ ಮೇಲೆ ಹಸಿಮೀನು ಹೊತ್ತ ಮೊದಲ ತುತ್ತು ಮುಂದೆ ಬಂದಾಗ ಕೈ ಏಳಲಿಲ್ಲ. ಕಾಲಹರಣಕ್ಕಾಗಿ ಅಳಿಯನೊಡನೆ ಏನೇನೋ ಮಾತು ತೆಗೆದೆವು. ಬಾಣಸಿಗರು ನಮ್ಮನ್ನಲ್ಲ, ತುತ್ತನ್ನೇ ನೋಡುತ್ತಿದ್ದರು.

"ಮಾವ, ಅನ್ನ ಅವರ ಅಂಗೈಯಷ್ಟು ಬೆಚ್ಚಗಿರುವಾಗಲೇ ತಿನ್ನಬೇಕು," ಎಂದು ಅಳಿಯನು ಪಿಸುಗುಟ್ಟಿದನು.

ಕಾವಲಿಯಿಂದ ತೆಗೆದ ದೋಸೆಯನ್ನು ಎಲೆಯಲ್ಲಿಟ್ಟುಕೊಂಡು ನಾವು ಹರಟುತ್ತ ಕುಳಿತರೆ ನಮ್ಮ ತಾಯಿಯವರ ಮುಖವೂ ಹೀಗೆಯೇ ಆಗುತ್ತಿತ್ತು. ನಾಚಿಕೆಯಾಗಿ, ಕೈಯಿಂದಲೇ ಎತ್ತಿ ಬಾಯಿಗೆ ಹಾಕಿಕೊಂಡೆವು. (ಕೈಯಿಂದ ತಿನ್ನುವುದು ಅಲ್ಲಿ ಅಸಭ್ಯವಲ್ಲ, ಇದು ನಮಗೆ ಬಲು ಸಮಾಧಾನ.) ನಾವು ಹೆದರಿದ್ದ ನಾತ ಎಳ್ಳಷ್ಟೂ ಇರಲಿಲ್ಲ. ಅದ್ದಿಕೊಳ್ಳಲು ಬಟ್ಟಲು ಹುಡುಕಿದೆವು. ಸೋಯಾರಸವನ್ನು ಅವರೇ ಕುಂಚದಿಂದ ಸವರಿ ಕೊಟ್ಟಿದ್ದರು.

ಬಳಿಕ 'ಕೊಹಡ' ಎಂಬ ಬೆಳ್ಳಿಬಣ್ಣದ ಚಿಕ್ಕ ಮೀನು. ಅದಕ್ಕೆ ಉಪ್ಪು ಹಚ್ಚಿಟ್ಟು ವಿನಿಗರಿನಲ್ಲಿ ನೆನೆಸಿದ್ದರು. 1868ಕ್ಕೆ ಮುಂಚೆ ಟೋಕಿಯೋ ನಗರಕ್ಕೆ ಎದೋ ಎಂದು ಹೆಸರಿದ್ದಾಗ ಮೀನು ಕೆಡದಂತೆ ಮಾಡುತ್ತಿದ್ದ ಉಪಾಯವಿದು. ಆಗ ಈ ಸುಶಿಯು ಬೀದಿಯಂಗಡಿಗಳಲ್ಲಿ ನಿಂತು ತಿನ್ನುವ ತಿಂಡಿ. ತುತ್ತೂ ಈಗಿನದಕ್ಕಿಂತ ದೊಡ್ಡದು. ಈಗಿನ ಬೆಲೆಯನ್ನು ಅಳಿಯನು ನಮಗೆ ತಿಳಿಯಗೊಡಲಿಲ್ಲ.

ಆಮೇಲೆ ಬಂತು ಕಡಲ ಮುಳ್ಳುಜೀವಿಯೊಂದರ ಹಳದಿ ತಿರುಳು. ಅದನ್ನು ನೋಡಿದೊಡನೆ ನಮ್ಮ ಜಂಬವೆಲ್ಲ ಇಳಿಯಿತು, ಆಗದೆಂದು ಹೇಳಿಸಿದೆವು. ಆ ವೃದ್ಧರು ಮುಖ ಮುರಿಯದೆ ತಲೆಬಾಗಿ ಅದನ್ನು ತೆಗೆದು, ಬೇಯಿಸಿದ ಹಾವುಮೀನಿನ ತುತ್ತೊಂದನ್ನು ಇಟ್ಟರು. ಸತ್ಯವನ್ನು ಹೇಳುವುದಾದರೆ ಆ ರಾತ್ರಿ ನಮಗೆ ಅತ್ಯಂತ ರುಚಿಸಿದುದು ಅದೇ.

ಮನೆಗೆ ಬಂದು ಎಲ್ಲವನ್ನೂ ವಿಸ್ತಾರವಾಗಿ ವರ್ಣಿಸಿದೆವು. ನಮ್ಮ ಮನೆಯವರು ಕೇಳಿ, "ಏನು ಅಡಿಗೆ ಮಾಡಲಿ ಎಂದರೆ 'ಏನಾದರೂ ಮಾಡು' ಎನ್ನುತ್ತೀರಲ್ಲ, ಮೂವತ್ತು ವರ್ಷದಿಂದ ನೀವು ಉಣ್ಣುತ್ತಿರುವುದೂ ಇದೇ. ಉಪ್ಪು ಸಾಲದು ಎಂಬ ಮಾತನ್ನು ಮಾತ್ರ ಅಲ್ಲಿ ಆಡಲಿಲ್ಲ," ಎಂದರು.