ಸೋತವರಿಗೆ ಬಡ್ತಿ, ಸತ್ಯ ಹೇಳಿದವರಿಗೆ ಗೇಟ್‌ಪಾಸ್

2025ರ ಸೆಪ್ಟೆಂಬರ್ 30ರಂದು ಅಮೆರಿಕ ತನ್ನ ನೂರಾರು ಜನರಲ್, ಅಡ್ಮಿರಲ್‌ಗಳನ್ನು ಜಗತ್ತಿನ ಮೂಲೆಮೂಲೆಗಳಿಂದ ವರ್ಜೀನಿಯಾದ ಕ್ವಾಂಟಿಕೊ ನೆಲೆಗೆ ಕರೆಸಿಕೊಂಡಿತು. ರಕ್ಷಣಾ ಕಾರ್ಯದರ್ಶಿ ಎಂಬ ಹೆಸರು ಸಪ್ಪೆಯೆನಿಸಿ ಆಗಷ್ಟೇ 'ಯುದ್ಧ ಕಾರ್ಯದರ್ಶಿ' ಆಗಿದ್ದ ಪೀಟ್ ಹೆಗ್ಸೆತ್, ಅವರಿಗೆ ಬೊಜ್ಜು, ಗಡ್ಡ, ವರ್ಷಕ್ಕೆರಡು ದೇಹದಾರ್ಢ್ಯ ಪರೀಕ್ಷೆಗಳ ಬಗ್ಗೆ ಪಾಠ ಹೇಳಿದರು. ತಮ್ಮ ಮಾತು ರುಚಿಸದವರು ಮರ್ಯಾದೆಯಿಂದ ರಾಜೀನಾಮೆ ಕೊಟ್ಟು ಹೋಗಲಿ ಎಂದೂ ಸೇರಿಸಿದರು. ಎದೆ ತುಂಬ ಪದಕ ಧರಿಸಿದವರು ಸುಮ್ಮನೆ ಕೂತು ಕೇಳಿದರು.

ಅಷ್ಟರಲ್ಲಾಗಲೇ ಹಲವರ ತಲೆದಂಡವಾಗಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಜನರಲ್ ಸಿ.ಕ್ಯೂ. ಬ್ರೌನ್, ನೌಕಾಪಡೆ ಮುಖ್ಯಸ್ಥೆ ಅಡ್ಮಿರಲ್ ಲೀಸಾ ಫ್ರಾಂಕೆಟಿ ಮನೆಗೆ ಹೋಗಿದ್ದರು. 'ಸೇನೆಯನ್ನು ರಾಜಕೀಯಕ್ಕೆ ಎಳೆಯಬೇಡಿ' ಎಂದು ನಿವೃತ್ತ ಸೇನಾಧಿಕಾರಿಗಳೂ ಉದಾರವಾದಿ ಪತ್ರಿಕೆಗಳೂ ಹುಯಿಲೆಬ್ಬಿಸಿದವು. ಅವರ ಆತಂಕ ಸರಿ, ವಾದ ಮಾತ್ರ ಅರ್ಧ. ಜನರಲ್‌ಗಳನ್ನು ಕಿತ್ತುಹಾಕುವುದೇ ತಪ್ಪು ಎಂಬಂತೆ ಮಾತಾಡುವವರು, ಅಮೆರಿಕ ಗೆದ್ದ ಕೊನೆಯ ಮಹಾಯುದ್ಧದಲ್ಲಿ ಅದೆಷ್ಟು ಜನರಲ್‌ಗಳು ನಡುದಾರಿಯಲ್ಲೇ ಹುದ್ದೆ ಕಳೆದುಕೊಂಡರು ಎಂಬುದನ್ನು ಮರೆತಿದ್ದಾರೆ.

1943ರ ಫೆಬ್ರವರಿ, ಟ್ಯುನೀಷಿಯಾ. ಅಮೆರಿಕದ ಎರಡನೇ ಕೋರ್‌ನ ದಂಡನಾಯಕ ಲಾಯ್ಡ್ ಫ್ರೆಡೆಂಡಾಲ್ ಮುಂಚೂಣಿಯಿಂದ ನೂರು ಕಿಲೋಮೀಟರಿಗೂ ಹಿಂದೆ, ಒಂದು ಕಣಿವೆಯಲ್ಲಿ ತಮ್ಮ ಠಾಣ್ಯ ಹೂಡಿದ್ದರು. ಶತ್ರು ವಿಮಾನಗಳ ಭಯಕ್ಕೆ ಬಂಡೆ ಸಿಡಿಸಿ ಸುರಂಗ ಕೊರೆಯುವ ಕೆಲಸಕ್ಕೆ ಎಂಜಿನಿಯರ್ ತುಕಡಿಯನ್ನು ಹಚ್ಚಿದ್ದರು. ಮುಂಚೂಣಿಯ ಕಡೆ ತಲೆ ಹಾಕಿದ್ದೇ ಅಪರೂಪ. ನಕ್ಷೆ ನೋಡಿಕೊಂಡೇ ಯಾವ ಗುಡ್ಡಕ್ಕೆ ಯಾವ ಪಡೆ ಎಂದು ಆಜ್ಞೆ ಹೊರಡಿಸುತ್ತಿದ್ದರು. ಜರ್ಮನ್ ದಂಡನಾಯಕ ರೊಮೆಲ್‌ನ ಟ್ಯಾಂಕುಗಳು ಕ್ಯಾಸರೀನ್ ಕಣಿವೆದಾರಿಗೆ ನುಗ್ಗಿದಾಗ ಅಮೆರಿಕನ್ ಪಡೆ ಚೆಲ್ಲಾಪಿಲ್ಲಿಯಾಯಿತು. ಭೂಸೇನೆಯ ಮುಖ್ಯಸ್ಥ ಜಾರ್ಜ್ ಮಾರ್ಷಲ್ ತಾವೇ ಮೆಚ್ಚಿ ಮುಂದೆ ತಂದಿದ್ದ ಮನುಷ್ಯ ಫ್ರೆಡೆಂಡಾಲ್. ಆದರೂ ಮಾರ್ಚ್ ಮೊದಲ ವಾರದಲ್ಲಿ ಆ ರಂಗದ ಸರ್ವೋಚ್ಚ ದಂಡನಾಯಕ ಐಸೆನ್‌ಹೋವರ್ ಅವರನ್ನು ಎತ್ತಂಗಡಿ ಮಾಡಿ ಆ ಜಾಗಕ್ಕೆ ಪ್ಯಾಟನ್ ಅವರನ್ನು ತಂದರು. ಮರುವರ್ಷ ಇಟಲಿಯ ಆಂಜಿಯೊದಲ್ಲಿ ಜಾನ್ ಲೂಕಸ್ ಸರದಿ. ಆಗ ಹುದ್ದೆ ಹೋಯಿತೆಂದರೆ ಬಾಳೇ ಮುಗಿಯಿತೆಂದು ಅರ್ಥವಲ್ಲ: ಸಿಸಿಲಿಯಲ್ಲಿ ಡಿವಿಷನ್ ಕಳೆದುಕೊಂಡ ಟೆರಿ ಆಲನ್‌ಗೆ ಕೆಲವೇ ತಿಂಗಳಲ್ಲಿ ಇನ್ನೊಂದು ಡಿವಿಷನ್ ಸಿಕ್ಕಿತು, ಅದನ್ನು ಅವರು ಚೆನ್ನಾಗಿಯೇ ನಡೆಸಿದರು. ಅಳತೆಗೋಲು ಒಂದೇ: ಈತನ ಕೈಕೆಳಗೆ ಸೈನಿಕರು ಗೆಲ್ಲುತ್ತಾರೋ, ವ್ಯರ್ಥವಾಗಿ ಸಾಯುತ್ತಾರೋ.

ವಿಯೆಟ್ನಾಂ ಹೊತ್ತಿಗೆ ಈ ಅಳತೆಗೋಲು ಕಳೆದುಹೋಗಿತ್ತು. ಅಲ್ಲಿನ ದಂಡನಾಯಕ ವಿಲಿಯಂ ವೆಸ್ಟ್‌ಮೋರ್ಲೆಂಡ್ ಹೆಣ ಎಣಿಸಿ ಗೆಲುವಿನ ಲೆಕ್ಕ ಕೊಡುತ್ತಿದ್ದರು. 1967ರ ನವೆಂಬರ್‌ನಲ್ಲಿ ವಾಷಿಂಗ್ಟನ್‌ಗೆ ಬಂದು, ಯುದ್ಧದ ಅಂತ್ಯ ಕಣ್ಣಿಗೆ ಕಾಣತೊಡಗಿದೆ ಎಂದು ಭರವಸೆ ಕೊಟ್ಟರು. ಎರಡೂವರೆ ತಿಂಗಳೊಳಗೆ ಟೆಟ್ ದಾಳಿ ನಡೆದು ಸೈಗಾನ್‌ನ ಅಮೆರಿಕನ್ ರಾಯಭಾರ ಕಚೇರಿಯ ಆವರಣಕ್ಕೇ ಶತ್ರು ನುಗ್ಗಿದ. ವೆಸ್ಟ್‌ಮೋರ್ಲೆಂಡ್‌ಗೆ ಸಿಕ್ಕಿದ್ದು ಇಡೀ ಭೂಸೇನೆಯ ಮುಖ್ಯಸ್ಥನ ಪಟ್ಟ! ಇರಾಕ್‌ನಲ್ಲಿ ಇದೇ ನಾಟಕದ ಎರಡನೇ ಪ್ರದರ್ಶನ. ಬಾಗ್ದಾದ್ ಹಿಡಿದ ಮೇಲೆ ಮುಂದೇನು ಎಂದು ಯೋಚಿಸದೆ ನಿವೃತ್ತರಾದ ಟಾಮಿ ಫ್ರಾಂಕ್ಸ್‌ಗೆ 2004ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ. ಇರಾಕ್ ಅಂತರ್ಯುದ್ಧಕ್ಕೆ ಜಾರುತ್ತಿದ್ದಾಗ ಅಲ್ಲಿ ದಂಡನಾಯಕರಾಗಿದ್ದ ಜಾರ್ಜ್ ಕೇಸಿಗೆ 2007ರಲ್ಲಿ ಭೂಸೇನಾ ಮುಖ್ಯಸ್ಥನ ಕುರ್ಚಿ. ಆ ದೇಶವನ್ನು ಸಂಭಾಳಿಸಲು ಹಲವು ಲಕ್ಷ ಸೈನಿಕರು ಬೇಕಾದೀತು ಎಂದು ಯುದ್ಧಕ್ಕೆ ಮುಂಚೆಯೇ ಸೆನೆಟ್ ಮುಂದೆ ಹೇಳಿದ್ದ ಅಂದಿನ ಭೂಸೇನಾ ಮುಖ್ಯಸ್ಥ ಎರಿಕ್ ಶಿನ್ಸೆಕಿಗೆ ಸಿಕ್ಕಿದ್ದು ಪೆಂಟಗನ್ ಯಜಮಾನರ ಬಹಿರಂಗ ಮೂದಲಿಕೆ.

ಅಫ್ಗಾನಿಸ್ತಾನದ ಕಥೆ ಇನ್ನೂ ಅಧ್ವಾನ. ಇಪ್ಪತ್ತು ವರ್ಷಗಳಲ್ಲಿ ಬಂದುಹೋದ ದಂಡನಾಯಕರ ಸಾಲೇ ಇದೆ. 'ಪ್ರಗತಿ ಆಗುತ್ತಿದೆ' ಎಂದು ವಾಷಿಂಗ್ಟನ್‌ಗೆ ವರದಿ ಹೋಗುತ್ತಲೇ ಇತ್ತು. ಒಳಗೊಳಗೆ ಅದನ್ನು ನಂಬದವರು ಎಷ್ಟಿದ್ದರು ಎಂಬುದು 2019ರಲ್ಲಿ 'ವಾಷಿಂಗ್ಟನ್ ಪೋಸ್ಟ್' ಹೊರಗೆಳೆದ ಸಂದರ್ಶನಗಳಿಂದ ಬಯಲಾಯಿತು. ಆ ದಂಡನಾಯಕರಲ್ಲಿ ಯುದ್ಧ ನಡೆಸಿದ ರೀತಿ ಸರಿಯಿಲ್ಲವೆಂದು ಹುದ್ದೆ ಕಳೆದುಕೊಂಡವರು ಡೇವಿಡ್ ಮೆಕಿಯರ್ನನ್ ಒಬ್ಬರೇ. ಅವರ ಜಾಗಕ್ಕೆ ಬಂದ ಮೆಕ್‌ಕ್ರಿಸ್ಟಲ್ ಹೋದದ್ದು ಪತ್ರಿಕೆಯೊಂದರಲ್ಲಿ ಬಂದ ಬಾಯಿಹರುಕು ಮಾತುಗಳಿಗಾಗಿ. 2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಡ್ರೋನ್ ದಾಳಿಗೆ ಏಳು ಮಕ್ಕಳೂ ಸೇರಿ 10 ನಾಗರಿಕರು ಸತ್ತರು. ಪೆಂಟಗನ್ ಯಾರನ್ನೂ ಶಿಕ್ಷಿಸಲಿಲ್ಲ. ಅದೇ ವಾರ, ಹಿರಿಯ ಅಧಿಕಾರಿಗಳು ಹೊಣೆ ಹೊರಲಿ ಎಂದು ವಿಡಿಯೊ ಮಾಡಿ ಕೇಳಿದ ಮರೀನ್ ಲೆಫ್ಟಿನೆಂಟ್ ಕರ್ನಲ್ ಸ್ಟೂವರ್ಟ್ ಶೆಲ್ಲರ್ ಮಾತ್ರ ಕೋರ್ಟ್ ಮಾರ್ಷಲ್ ಎದುರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈ ಕೊಳೆ ತೊಳೆಯಲು ಹೆಗ್ಸೆತ್ ಹೊರಟಿದ್ದರೆ ನಾನೇ ಮೊದಲು ಚಪ್ಪಾಳೆ ಹೊಡೆಯುತ್ತಿದ್ದೆ. ಅವರ ಬಾಯಲ್ಲೂ ಅಫ್ಗಾನಿಸ್ತಾನದ ಹೆಸರು ಬರುತ್ತದೆ, ಆದರೆ ಸಿಟ್ಟೆಲ್ಲ ಬೈಡನ್ ಕಾಲಕ್ಕೆ ಬಂದ ಆ ಯುದ್ಧದ ಕೊನೆಯ ಕೆಲವು ವಾರಗಳ ಮೇಲೆ. ಬ್ರೌನ್ ಯಾವ ಯುದ್ಧ ಸೋತರು? ಅವರಿಗೆ ಹುದ್ದೆ ಸಿಕ್ಕಿದ್ದು ಸಾಮರ್ಥ್ಯಕ್ಕೋ ಮೈಬಣ್ಣಕ್ಕೋ ಎಂದು ಹೆಗ್ಸೆತ್ ತಮ್ಮ 2024ರ ಪುಸ್ತಕದಲ್ಲೇ ಅನುಮಾನದ ಹುಳ ಬಿಟ್ಟಿದ್ದರು. ಇನ್ನು ಲೆಫ್ಟಿನೆಂಟ್ ಜನರಲ್ ಜೆಫ್ರಿ ಕ್ರೂಸ್ ಪ್ರಕರಣ ನೋಡಿ. ಅಮೆರಿಕದ ದಾಳಿಗೆ ಇರಾನ್‌ನ ಅಣುಕೇಂದ್ರಗಳು ಪೂರ್ತಿ ನಿರ್ನಾಮವಾದವು ಎಂದು ಟ್ರಂಪ್ 2025ರ ಜೂನ್‌ನಲ್ಲಿ ಸಾರಿದರು. ಕ್ರೂಸ್ ಮುಖ್ಯಸ್ಥರಾಗಿದ್ದ ರಕ್ಷಣಾ ಗುಪ್ತಚರ ಸಂಸ್ಥೆಯ ಪ್ರಾಥಮಿಕ ಅಂದಾಜು, ಇರಾನ್‌ನ ಕಾರ್ಯಕ್ರಮ ಕೆಲವು ತಿಂಗಳಷ್ಟೇ ಹಿಂದೆ ಬಿದ್ದಿದೆ ಎಂದಿತ್ತು. ಆಗಸ್ಟ್‌ನಲ್ಲಿ ಕ್ರೂಸ್ ವಜಾ. ಮುಂದೆ ಅಧ್ಯಕ್ಷರಿಗೆ ಬೇಡವಾದ ಅಂದಾಜನ್ನು ಬರೆದು ಸಹಿ ಹಾಕುವ ಧೈರ್ಯ ಯಾರಿಗೆ ಬಂದೀತು?

ಅಧ್ಯಕ್ಷ ಟ್ರೂಮನ್ 1951ರಲ್ಲಿ ಜನರಲ್ ಮೆಕಾರ್ಥರ್‌ನನ್ನು ಕಿತ್ತುಹಾಕಲಿಲ್ಲವೇ, ಅಧ್ಯಕ್ಷರಿಗೆ ಆ ಹಕ್ಕಿಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಇದೆ. ಆದರೆ ಟ್ರೂಮನ್ ಕಾರಣವನ್ನು ದೇಶದ ಮುಂದೆ ಹೇಳಿದರು. ಸೆನೆಟ್ ವಾರಗಟ್ಟಲೆ ವಿಚಾರಣೆ ನಡೆಸಿತು, ಮೆಕಾರ್ಥರ್ ವಾದವೂ ದಾಖಲಾಯಿತು, ಆಗ ರಕ್ಷಣಾ ಕಾರ್ಯದರ್ಶಿಯಾಗಿದ್ದ ಮಾರ್ಷಲ್ ಕೂಡ ಸಾಕ್ಷಿ ಹೇಳಿದರು. ಬ್ರೌನ್ ವಜಾ ಆದಾಗ ಸೆನೆಟ್ ಸಶಸ್ತ್ರಪಡೆಗಳ ಸಮಿತಿಯ ಅಧ್ಯಕ್ಷ ರೋಜರ್ ವಿಕರ್, ಬ್ರೌನ್ ಸಲ್ಲಿಸಿದ ಸೇವೆಗೆ ಧನ್ಯವಾದ ಹೇಳಿ ಕೈತೊಳೆದುಕೊಂಡರು.

ನಿಷ್ಠೆ ನೋಡಿ ಬಡ್ತಿ ಕೊಟ್ಟರೆ ಏನಾಗುತ್ತದೆಂದು ನಮಗಂತೂ ಗೊತ್ತಿರಬೇಕು. ಭೂಸೇನಾ ಮುಖ್ಯಸ್ಥ, ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಜಗಳದಲ್ಲಿ ರಾಜೀನಾಮೆ ಬರೆದುಕೊಟ್ಟರು, ನೆಹರೂ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡರು. ಆಳುವವರಿಗೆ ಹತ್ತಿರವಾಗಿದ್ದ ಬಿ.ಎಂ. ಕೌಲ್ ಮೇಲೇರಿದರು. 1962ರ ಅಕ್ಟೋಬರ್‌ನಲ್ಲಿ ಚೀನಾ ಏರಿ ಬಂದಾಗ ಅದನ್ನು ತಡೆಯಬೇಕಿದ್ದ ಕೋರ್‌ನ ದಂಡನಾಯಕ ಕೌಲ್, ಕಾಯಿಲೆ ಬಿದ್ದು ದೆಹಲಿಯ ಹಾಸಿಗೆಯಿಂದ ಆಜ್ಞೆ ಕೊಡುತ್ತಿದ್ದರು.

ಅಮೆರಿಕದ ಸಂಸತ್ತು ಅಫ್ಗಾನ್ ಯುದ್ಧದ ಪರಾಮರ್ಶೆಗೆಂದು 16 ಸದಸ್ಯರ ಆಯೋಗವೊಂದನ್ನು ರಚಿಸಿದೆ. ಇಂಥ ವರದಿಗಳು ಸಾಮಾನ್ಯವಾಗಿ 'ವ್ಯವಸ್ಥೆಯ ಲೋಪ' ಎಂದು ಬರೆದು ಎಲ್ಲರನ್ನೂ ಪಾರು ಮಾಡುತ್ತವೆ. ಈ ಆಯೋಗ ಹಾಗೆ ಮಾಡಕೂಡದು. ಯಾವ ವರ್ಷ ಯಾವ ಜನರಲ್ ಸಂಸತ್ತಿಗೆ ಏನು ಹೇಳಿದ, ಆ ದಿನ ಅವನ ಮೇಜಿನ ಮೇಲಿದ್ದ ವರದಿಯಲ್ಲಿ ಏನಿತ್ತು, ಆಮೇಲೆ ಅವನಿಗೆ ಎಷ್ಟನೇ ನಕ್ಷತ್ರ ಸಿಕ್ಕಿತು, ನಿವೃತ್ತಿಯ ನಂತರ ಯಾವ ಶಸ್ತ್ರಾಸ್ತ್ರ ಕಂಪನಿಯ ಆಡಳಿತ ಮಂಡಳಿ ಸೇರಿದ ಎಂಬುದನ್ನು ಒಬ್ಬೊಬ್ಬರ ಹೆಸರು ಹಿಡಿದು ಬರೆಯಲಿ. ಕ್ವಾಂಟಿಕೊದಲ್ಲಿ ಕೂತಿದ್ದವರಿಗೆ ಹಂಚಬೇಕಿದ್ದದ್ದು ಆ ಪಟ್ಟಿ.