ಎಚ್‌ಐವಿ ಇರುವವರ ನಡುವಿನ ಲಿವರ್ ಕಸಿಗೆ ಸುರಕ್ಷತಾ ನಿಯಮಾವಳಿ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ನಿರ್ದೇಶಕರು,
ದಕ್ಷಿಣ ವಲಯದ ಪ್ರಾದೇಶಿಕ ಅಂಗ ಮತ್ತು ಅಂಗಾಂಶ ಕಸಿ ಸಂಸ್ಥೆ (ರೊಟ್ಟೊ),
ಚೆನ್ನೈ.

ಇವರಿಂದ,
ಚೆನ್ನೈನಲ್ಲಿ ಚಿಕಿತ್ಸೆ ಪಡೆಯುತ್ತಿರುವ ಕನ್ನಡ ಕುಟುಂಬಗಳು.

ವಿಷಯ: ಎಚ್‌ಐವಿ ಇರುವ ದಾನಿಯ ಲಿವರ್ ಅನ್ನು ಎಚ್‌ಐವಿ ಇರುವ ರೋಗಿಗೆ ಕಸಿ ಮಾಡುವ ಮುನ್ನ ಸ್ಪಷ್ಟ ನಿಯಮಾವಳಿ ರೂಪಿಸುವ ಬಗ್ಗೆ.

ಮಾನ್ಯರೇ,

ಈ ಮನವಿಗೆ ಸಹಿ ಹಾಕಿದವರಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರೂ ಅವರ ಮನೆಯವರೂ ಇದ್ದೇವೆ. ಕೆಲವರು ಚೆನ್ನೈನಲ್ಲೇ ನೆಲೆಸಿದವರು. ಉಳಿದವರು ಬೆಂಗಳೂರು, ಬಳ್ಳಾರಿ, ಹೊಸೂರು ಕಡೆಯಿಂದ ಫೈಲು ಹಿಡಿದು ಬಂದು ಹೋಗುವವರು. ನಮ್ಮ ಹೆಸರು, ಸಹಿಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪ್ರತ್ಯೇಕವಾಗಿ ಸಲ್ಲಿಸಿದ್ದೇವೆ. ಹೀಗೇಕೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದದ್ದು 1986ರಲ್ಲಿ, ಇದೇ ನಗರದಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸೊಲೊಮನ್ ಹಾಗೂ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಆ ಕೆಲಸ ಮಾಡಿದರು. ಮೆದುಳು ನಿಷ್ಕ್ರಿಯಗೊಂಡವರ ಅಂಗಗಳನ್ನು ಸರದಿಯಂತೆ ಹಂಚುವ ಕಾರ್ಯಕ್ರಮವನ್ನು ತಮಿಳುನಾಡು 2008ರಲ್ಲಿ ಆರಂಭಿಸಿತು. ಅಂಗದಾನಿಗಳ ಅಂತ್ಯಕ್ರಿಯೆ ಸರ್ಕಾರಿ ಗೌರವದೊಂದಿಗೆ ನಡೆಯುವುದೆಂದು 2023ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ್ದೂ ಇದೇ ರಾಜ್ಯ. ಎಚ್‌ಐವಿ ಚಿಕಿತ್ಸೆ, ಅಂಗ ಕಸಿ ಎರಡರಲ್ಲೂ ಅನುಭವ ಇರುವ ಈ ಊರಿನಿಂದಲೇ ಎರಡನ್ನೂ ಕೂಡಿಸುವ ನಿಯಮ ಬರಲಿ ಎಂಬುದು ನಮ್ಮ ಆಸೆ.

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ನಮ್ಮ ಆಯುಷ್ಯ ಹೆಚ್ಚಿಸಿದೆ. ಈಗ ನಮ್ಮಲ್ಲಿ ಹಲವರನ್ನು ಕಾಡುತ್ತಿರುವುದು ಏಡ್ಸ್ ಅಲ್ಲ, ಲಿವರ್. ಹೆಪಟೈಟಿಸ್ ಬಿ ಮತ್ತು ಸಿ, ಕುಡಿತ, ಕೊಬ್ಬು ತುಂಬಿದ ಲಿವರ್ ಇದಕ್ಕೆ ಕಾರಣ. ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್ ಮೇಲೆ ವರ್ಷಗಟ್ಟಲೆ ಕಾಯಬಹುದು. ಲಿವರ್ ಕೈಕೊಟ್ಟವರನ್ನು ಹಾಗೆ ಕಾಯಿಸುವ ಯಂತ್ರವಿಲ್ಲ.

ಹೊರದೇಶಗಳ ಅನುಭವ ತಮಗೆ ಗೊತ್ತಿರುವುದೇ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಾ. ಎಲ್ಮಿ ಮುಲ್ಲರ್ 2008ರಲ್ಲಿ ಎಚ್‌ಐವಿ ಇರುವವರ ನಡುವೆ ಕಿಡ್ನಿ ಕಸಿ ಆರಂಭಿಸಿದರು. ಅಮೆರಿಕ 2013ರ ‘ಹೋಪ್’ ಕಾಯ್ದೆಯ ಮೂಲಕ ಹಳೆಯ ನಿಷೇಧ ತೆಗೆಯಿತು. 2016ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಅಲ್ಲಿನ ಮೊದಲ ಕಸಿಗಳು ನಡೆದವು. 2024ರಲ್ಲಿ ಪ್ರಕಟವಾದ 198 ಮಂದಿಯ ಕಿಡ್ನಿ ಅಧ್ಯಯನದಲ್ಲಿ, ದಾನಿಗೆ ಎಚ್‌ಐವಿ ಇದ್ದರೂ ಇಲ್ಲದಿದ್ದರೂ ಬದುಕುಳಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕ, ಕಿಡ್ನಿ ಮತ್ತು ಲಿವರ್ ಎರಡಕ್ಕೂ ‘ಸಂಶೋಧನೆಯ ಭಾಗವಾಗಿಯೇ ಮಾಡಬೇಕು’ ಎಂಬ ಷರತ್ತನ್ನು ಕೈಬಿಟ್ಟಿತು.

ಆದರೆ ಕಿಡ್ನಿಯ ಲೆಕ್ಕವನ್ನು ಲಿವರ್‌ಗೆ ಹಚ್ಚಬಾರದು. 2022ರಲ್ಲಿ ಪ್ರಕಟವಾದ ಅಮೆರಿಕದ ಲಿವರ್ ಅಧ್ಯಯನದಲ್ಲಿ ಎಚ್‌ಐವಿ ಇರುವ 45 ರೋಗಿಗಳಿದ್ದರು. ಎಚ್‌ಐವಿ ಇರುವ ದಾನಿಗಳಿಂದ ಲಿವರ್ ಪಡೆದ 24 ಮಂದಿಯಲ್ಲಿ ಒಂದು ವರ್ಷದ ಬಳಿಕ ಬದುಕಿದ್ದವರು ಶೇ 83.3, ಎಚ್‌ಐವಿ ಇಲ್ಲದ ದಾನಿಗಳಿಂದ ಪಡೆದ 21 ಮಂದಿಯಲ್ಲಿ ಶೇ 100. ಮೊದಲ ಗುಂಪಿನಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದಾಗ ತಗಲುವ ಅವಕಾಶವಾದಿ ಸೋಂಕುಗಳೂ ಕ್ಯಾನ್ಸರ್‌ಗಳೂ ಹೆಚ್ಚು ಕಂಡವು. ಇಷ್ಟು ಸಣ್ಣ ಸಂಖ್ಯೆಯಿಂದ ಕಸಿ ಬೇಡ ಎಂದು ತೀರ್ಮಾನಿಸಲಾಗದು. ಧೈರ್ಯವಾಗಿ ಮುಂದೆ ಹೋಗಿ ಎನ್ನಲೂ ಆಗದು. ಅದಕ್ಕಾಗಿಯೇ ಶಸ್ತ್ರಚಿಕಿತ್ಸೆಗಿಂತ ಮೊದಲು ನಿಯಮ ಬರಲಿ ಎನ್ನುತ್ತಿದ್ದೇವೆ.

ನಮ್ಮ ಬೇಡಿಕೆಗಳು:

1. ಇರುವ ಸರದಿಯಿಂದ ನಮ್ಮನ್ನು ತೆಗೆಯಬಾರದು. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸಿದೆ. ಎಚ್‌ಐವಿ ಇರುವ ದಾನಿಯ ಲಿವರ್ ಬೇಡವೆಂದ ರೋಗಿಯೂ ಸಾಮಾನ್ಯ ಪಟ್ಟಿಯಲ್ಲಿ ತನ್ನ ಸ್ಥಾನದಲ್ಲೇ ಉಳಿಯಬೇಕು. ಎಚ್‌ಐವಿ ಇರುವವರ ನಡುವಿನ ಕಸಿ ನಮಗೆ ಇನ್ನೊಂದು ಬಾಗಿಲಾಗಲಿ. ಇರುವ ಬಾಗಿಲು ಮುಚ್ಚಲು ನೆಪವಾಗದಿರಲಿ.

2. ಮೊದಲ ಹಂತದಲ್ಲಿ ಈ ಕಸಿ ಕೆಲವೇ ಅನುಭವಿ ಕೇಂದ್ರಗಳಲ್ಲಿ, ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ, ಅಧ್ಯಯನದ ರೂಪದಲ್ಲೇ ನಡೆಯಬೇಕು. ಅಮೆರಿಕ ಷರತ್ತು ತೆಗೆದದ್ದು ವರ್ಷಗಳ ಅನುಭವದ ನಂತರ. ಆ ಅನುಭವ ನಮಗಿನ್ನೂ ಆಗಬೇಕಿದೆ.

3. ದಾನಿಯ ರಕ್ತಪರೀಕ್ಷೆಯನ್ನು ಆಂಟಿಬಾಡಿ ಫಲಿತಾಂಶಕ್ಕೇ ನಿಲ್ಲಿಸದೆ, ವೈರಸ್ಸನ್ನೇ ನೇರವಾಗಿ ಪತ್ತೆ ಮಾಡುವ ನ್ಯಾಟ್ ಪರೀಕ್ಷೆಯನ್ನೂ ಮಾಡಬೇಕು. ಸೋಂಕಿಲ್ಲದವರಿಗೂ ಒಮ್ಮೊಮ್ಮೆ ಹುಸಿ ಪಾಸಿಟಿವ್ ಬರುತ್ತದೆ. ಅಂಥ ದಾನಿಯ ಒಳ್ಳೆಯ ಅಂಗ ವ್ಯರ್ಥವಾಗಬಾರದು. ದೇಹದಿಂದ ತೆಗೆದ ಲಿವರ್ ಹೊರಗೆ ಕಾಯುವುದು ಕೆಲವೇ ಗಂಟೆ. ಆದ್ದರಿಂದ ಹಗಲೂ ರಾತ್ರಿ ಪರೀಕ್ಷೆ ಮಾಡುವ ಪ್ರಯೋಗಾಲಯವನ್ನು ಮೊದಲೇ ಗುರುತಿಸಬೇಕು.

4. ದಾನಿ ತೆಗೆದುಕೊಂಡ ಎಆರ್‌ಟಿ ಔಷಧಿಗಳ ವಿವರ, ವೈರಲ್ ಲೋಡ್, ಹೆಪಟೈಟಿಸ್ ಬಿ ಮತ್ತು ಸಿ ಸ್ಥಿತಿ ಕಸಿ ತಂಡಕ್ಕೆ ತಿಳಿದಿರಬೇಕು. ಔಷಧಿಗೆ ಬಗ್ಗದ ಇನ್ನೊಂದು ತಳಿಯ ವೈರಸ್ ಅಂಗದೊಂದಿಗೆ ರೋಗಿಯ ದೇಹ ಸೇರುವ ಅಪಾಯ ಇದೆ.

5. ಎಆರ್‌ಟಿ ವೈದ್ಯರು ಕಸಿ ತಂಡದ ಸದಸ್ಯರಾಗಿರಲೇಬೇಕು. ರಿಟೊನಾವಿರ್ ಇರುವ ಮಾತ್ರೆ ನುಂಗುವವರಿಗೆ, ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಅನ್ನು ಎಂದಿನ ಪ್ರಮಾಣದಲ್ಲಿ ಕೊಟ್ಟರೆ ರಕ್ತದಲ್ಲಿ ಅದು ವಿಷದ ಮಟ್ಟಕ್ಕೇರಿ ಕಿಡ್ನಿಯನ್ನೂ ಕೆಡಿಸಬಹುದು. ಇನ್ನೊಂದು ಎಚ್‌ಐವಿ ಔಷಧಿ ಎಫಾವಿರೆಂಜ್ ಟ್ಯಾಕ್ರೊಲಿಮಸ್‌ನ ಮಟ್ಟ ತಗ್ಗಿಸಿದರೆ ದೇಹ ಹೊಸ ಲಿವರ್ ಅನ್ನು ತಿರಸ್ಕರಿಸಬಹುದು. ಸಾಧ್ಯವಿದ್ದವರನ್ನು ಕಸಿಗೆ ಮೊದಲೇ ಡೊಲುಟೆಗ್ರಾವಿರ್ ಇರುವ ಚಿಕಿತ್ಸೆಗೆ ಬದಲಾಯಿಸಬೇಕು.

6. ಗುಟ್ಟು ಕಾಯುವ ಕ್ರಮ ಲಿಖಿತವಾಗಿರಬೇಕು. ತೀರಿಕೊಂಡವರಿಗೆ ಎಚ್‌ಐವಿ ಇದ್ದದ್ದು ಮನೆಯವರಿಗೇ ತಿಳಿಯದೆ ಇರಬಹುದು; ದುಃಖದ ಆ ಹೊತ್ತಿನಲ್ಲಿ ಅದು ಆಸ್ಪತ್ರೆಯ ಮೊಗಸಾಲೆಯಲ್ಲಿ ಬಯಲಾಗಬಾರದು. ‘ಈ ಲಿವರ್ ಎಚ್‌ಐವಿ ಇರುವವರಿಗೆ ಮಾತ್ರ’ ಎಂಬ ಒಂದು ಫೋನ್ ಕರೆಯೇ ಪಡೆಯುವವರ ಗುಟ್ಟನ್ನೂ ಒಡೆಯುತ್ತದೆ. ಹಂಚಿಕೆಯ ಸಂದೇಶಗಳು ಸಂಕೇತದಲ್ಲೇ ಹೋಗಬೇಕು.

7. ಬದುಕಿರುವ ದಾನಿಗಳಿಂದ ಆರಂಭಿಸಬಾರದು. ಗಂಡ ಹೆಂಡತಿ ಇಬ್ಬರಿಗೂ ಎಚ್‌ಐವಿ ಇರುವ ಮನೆಯಲ್ಲಿ ‘ನಿನ್ನದನ್ನೇ ಕೊಟ್ಟರಾಯಿತು’ ಎಂಬ ಮಾತು ಬೀಳುವುದು ಹೆಂಡತಿಯ ಮೇಲೆ. ಲಿವರ್‌ನ ಭಾಗ ಕೊಡುವುದು ದೊಡ್ಡ ಶಸ್ತ್ರಚಿಕಿತ್ಸೆ. ಮೆದುಳು ನಿಷ್ಕ್ರಿಯಗೊಂಡ ದಾನಿಗಳ ಕಸಿಯ ಫಲಿತಾಂಶ ಕೈಗೆ ಬಂದ ಮೇಲೆ ಇದನ್ನು ಪರಿಶೀಲಿಸಲಿ. ಆಗಲೂ ಆಕೆಯೊಂದಿಗೆ ಒಬ್ಬಳೇ ಇರುವಾಗ ಮಾತನಾಡಿ, ಒಲ್ಲೆ ಎಂದರೆ ‘ವೈದ್ಯಕೀಯವಾಗಿ ಹೊಂದದು’ ಎಂದಷ್ಟೇ ಮನೆಯವರಿಗೆ ತಿಳಿಸುವ ವ್ಯವಸ್ಥೆ ಬೇಕು.

8. ಒಪ್ಪಿಗೆ ಪತ್ರ ರೋಗಿಯ ಭಾಷೆಯಲ್ಲಿರಬೇಕು. ತಮ್ಮ ವ್ಯಾಪ್ತಿಗೆ ಕರ್ನಾಟಕವೂ ಸೇರಿದೆ. ಶೇ 83.3 ಮತ್ತು 100ರ ಲೆಕ್ಕವನ್ನು ಕನ್ನಡದಲ್ಲಿ ವಿವರಿಸದೆ ಪಡೆದ ಸಹಿಯನ್ನು ಒಪ್ಪಿಗೆ ಎನ್ನಲಾಗದು.

9. ಪ್ರತಿಯೊಂದು ಕಸಿಯ ಫಲಿತಾಂಶವೂ, ಸಾವು ಸಹಿತ, ಹೆಸರಿಲ್ಲದೆ ದಾಖಲಾಗಿ ಪ್ರತಿ ವರ್ಷ ಪ್ರಕಟವಾಗಬೇಕು.

ಮಾನ್ಯರೇ, ಎಚ್‌ಐವಿ ಇರುವವರೂ ಅಂಗದಾನಿಗಳಾಗಬಹುದು ಎಂಬುದು ನಮಗೆ ಸಣ್ಣ ಮಾತಲ್ಲ. ರಕ್ತ ಕೊಡಲೂ ಆಗದವರು ಎನಿಸಿಕೊಂಡ ನಾವು ಒಂದು ಜೀವ ಉಳಿಸಬಲ್ಲೆವು ಎಂದಾದರೆ ಆ ದಾನಕ್ಕೆ ಸಂತೋಷದಿಂದ ಹೆಸರು ನೋಂದಾಯಿಸುತ್ತೇವೆ. ಅದಕ್ಕೂ ಮುನ್ನ ಕಸಿ ತಜ್ಞರು, ಎಆರ್‌ಟಿ ವೈದ್ಯರು, ಕಾನೂನು ಬಲ್ಲವರು ಮತ್ತು ಎಚ್‌ಐವಿಯೊಂದಿಗೆ ಬದುಕುತ್ತಿರುವ ಕನಿಷ್ಠ ಇಬ್ಬರನ್ನು ಒಳಗೊಂಡ ಸಮಿತಿಯನ್ನು 90 ದಿನಗಳೊಳಗೆ ರಚಿಸಿ, ನಮ್ಮ ಅಹವಾಲು ಕೇಳಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು ಮೊಹರು ಮಾಡಿದ ಲಕೋಟೆಯಲ್ಲಿ)

ಸ್ಥಳ: ಚೆನ್ನೈ

ಪ್ರತಿಗಳು:
ತಮಿಳುನಾಡು ಅಂಗ ಕಸಿ ಪ್ರಾಧಿಕಾರ, ಚೆನ್ನೈ
ತಮಿಳುನಾಡು ರಾಜ್ಯ ಏಡ್ಸ್ ನಿಯಂತ್ರಣ ಸೊಸೈಟಿ, ಚೆನ್ನೈ
ಜೀವಸಾರ್ಥಕತೆ (ಕರ್ನಾಟಕದ ಅಂಗ ಕಸಿ ಸಂಸ್ಥೆ), ಬೆಂಗಳೂರು